ಬಣ್ಣ ಬಿಟ್ಟ ದಿನ

ಫಂಡಿ ಕೊಲ್ಲಿಯಲ್ಲಿ ಇಳಿತವೆಂದರೆ
ಕಡಲು ಎದ್ದು ಹೊರಟೇ ಹೋಗುವುದು.
ದೋಣಿಗಳು ಕೆಸರಲ್ಲಿ ಪಕ್ಕೆಯೂರಿ ಮಲಗುತ್ತವೆ.
ಕಣ್ಣು ಹಾಯುವಷ್ಟು ಕಂದು ನೆಲ, ಅದರ ತುಂಬ
ಚಿಪ್ಪಿಗಳು ಉಸಿರಾಡುವ ಸಣ್ಣ ಸಣ್ಣ ತೂತು.

ನಮ್ಮಪ್ಪ ಸಿಲ್ವೇರ್ ಆ ತೂತುಗಳನ್ನು ಓದಬಲ್ಲ.
ಇದು ಮರಿ, ಬಿಡು. ಇದು ಮುದುಕಿ, ಅಗೆ.
ನಾಲ್ಕು ಹಲ್ಲಿನ ಮೋಟು ಗುದ್ದಲಿ, ಬಗ್ಗಿದ ಬೆನ್ನು,
ಭರತ ತಿರುಗುವಷ್ಟರಲ್ಲಿ ಎರಡು ಬುಟ್ಟಿ.

ಈಗ ಏಳು ವರ್ಷ, ಗುದ್ದಲಿ ಗೋಡೆಯ ಮೊಳೆಯಲ್ಲಿದೆ.
ದಂಡೆಯ ಮೇಲೊಂದು ಹಲಗೆ: ಚಿಪ್ಪಿಯ ಚಿತ್ರ,
ಅದರ ಮೇಲೊಂದು ಕೆಂಪು ಗೀಟು,
ಓದು ಬಾರದವರಿಗೂ ತಿಳಿಯಲೆಂದು.
ಉಲ್ಲಂಕಿಗಳಿಗೆ ಮಾತ್ರ ತಿಳಿಯಲಿಲ್ಲ.

ಆಗಸ್ಟಿನಲ್ಲಿ ಬರುತ್ತವೆ ಅವು, ಉತ್ತರದ ಹಿಮದಂಚಿನಿಂದ.
ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎಂಬಷ್ಟು ಭಾರ.
ಎರಡು ವಾರ ಈ ಕೆಸರನ್ನೇ ಕುಕ್ಕಿ ಕುಕ್ಕಿ
ಮೈ ದುಪ್ಪಟ್ಟು ಮಾಡಿಕೊಂಡು ಏಳುತ್ತವೆ,
ಮೂರು ಹಗಲು ಮೂರು ರಾತ್ರಿ ನೆಲ ಮುಟ್ಟದೆ
ದಕ್ಷಿಣ ಅಮೆರಿಕಕ್ಕೆ.
ದಾರಿಯಲ್ಲಿ ಅವಕ್ಕೆ ಇನ್ನೊಂದು ಅಂಗಡಿಯಿಲ್ಲ.

"ಆ ವೀನ್‌ಸ್ಟ್ರಾನ ಹಸುಗಳು." ಅಪ್ಪನ ತೀರ್ಪು.
ತೊರೆಯಾಚೆ ಅರವತ್ತು ಹಸು, ಅರವತ್ತು ಬಾಲ.
ಮಳೆ ಹುಯ್ದಾಗಲೆಲ್ಲ ಅತ್ತ ತಿರುಗಿ ಉಗಿಯುತ್ತಿದ್ದ.
ಅಮ್ಮ ತೀರಿಕೊಂಡಾಗ ಆತ ತಂದಿಟ್ಟ ಚೀಸಿನ ಗಡ್ಡೆಯನ್ನು
ನಾಯಿಗೆ ಹಾಕಿದ. ನಾಯಿ ತಿಂದಿತು.
ಯಾರೂ ನೋಡದಾಗ ನಾನೂ ಒಂದು ಚೂರು.

ಆಮೇಲೆ ವೀನ್‌ಸ್ಟ್ರಾ ತೊರೆಯುದ್ದಕ್ಕೂ ಬೇಲಿ ಹಾಕಿದ,
ಹಸುಗಳಿಗೆ ಬೇರೆ ತೊಟ್ಟಿ ಕಟ್ಟಿಸಿದ.
ಅಂಕಿ ಇಳಿಯಲಿಲ್ಲ.

ಅಂಕಿ ತರುವವಳು ನಾನೇ.
ವಾರಕ್ಕೊಮ್ಮೆ ಹದಿನಾಲ್ಕು ಸೀಸೆ, ಮೊಣಕಾಲುದ್ದ ಬೂಟು,
ಮಂಜುಗಡ್ಡೆಯ ಪೆಟ್ಟಿಗೆ, ಪ್ರಯೋಗಶಾಲೆಗೆ ಎರಡು ತಾಸಿನ ದಾರಿ.
ಒಂಬತ್ತನೆಯ ಸೀಸೆ ಯಾವಾಗಲೂ ಕೆಟ್ಟದ್ದು.
ಒಂಬತ್ತೆಂದರೆ ನಮ್ಮ ಮನೆಯ ಕೆಳಗಿನ ತಿರುವು.
ನಕ್ಷೆಯನ್ನು ಮಡಚಿ ಒಳಗಿಡುವುದನ್ನು
ನಾನು ಬೇಗ ಕಲಿತೆ.

ಈ ಬೇಸಗೆ ಬಣ್ಣ ಕೊಟ್ಟರು.
ಮನೆಗೊಂದು ಪುಡಿಕೆ, ಕಕ್ಕಸಿಗೆ ಸುರಿ, ನೀರು ಬಿಡು, ಕಾಯಿ.
"ಮೊದಲು ನಮ್ಮಲ್ಲೇ ಹಾಕು," ಎಂದ ಅಪ್ಪ,
"ನಮ್ಮನ್ನು ನೋಡಿ ಊರು ಕಲಿಯಲಿ."

ಮೂರನೆಯ ದಿನ, ಇಳಿತ ತಳ ಕಂಡ ಹೊತ್ತು,
ಆಲ್ಡರ್ ಗಿಡದ ಬೇರಿನಡಿಯಿಂದ ಬಂತು ಹಸಿರು.
ಈ ನಾಡಿನ ಯಾವ ಎಲೆಗೂ ಇಲ್ಲದ ಹಸಿರು,
ನಾಚಿಕೆಯೇ ಇಲ್ಲದೆ, ನೆಟ್ಟಗೆ,
ನಮ್ಮ ಗೋಡೆಯಿಂದ ತೊರೆಗೆ, ತೊರೆಯಿಂದ ಚಿಪ್ಪಿಗಳ ಬಾಯಿಗೆ.

ಅಪ್ಪನನ್ನು ಕರೆದೆ. ಕರೆಯದಿರಬಹುದಿತ್ತು.
ಬಂದು ನಿಂತ. ಎಪ್ಪತ್ನಾಲ್ಕರಲ್ಲಿ ತಮ್ಮಂದಿರ ಜೊತೆ
ತಾನೇ ಹೂತ ಕಬ್ಬಿಣದ ತೊಟ್ಟಿ;
ಅವರಲ್ಲಿ ಇಬ್ಬರು ಈಗ ಇಲ್ಲ, ತೊಟ್ಟಿಗೆ ತಳವಿಲ್ಲ.
ತಟ್ಟೆಯೊಳಗಿನ ಹೆಗ್ಗಣವನ್ನು ಕಂಡವನಂತೆ
ಬಹಳ ಹೊತ್ತು ಅದನ್ನೇ ನೋಡಿದ.

ಒಳಹೋಗಿ ಮೊಳೆಯಿಂದ ಗುದ್ದಲಿ ಇಳಿಸಿದ.
ಬೀಸಿ ಎಸೆಯುತ್ತಾನೆಂದುಕೊಂಡೆ.
ಅಂಗಳಕ್ಕೆ ಬಂದು, ಅದೇ ಬಗ್ಗಿದ ಬೆನ್ನಲ್ಲಿ,
ತೊಟ್ಟಿಯ ಮೇಲಿನ ಮಣ್ಣು ಅಗೆಯತೊಡಗಿದ.
ಚಿಪ್ಪಿ ಒಡೆಯದಂತೆ ಅಗೆಯುವವನ ಹದ
ಆ ಕೈಗೆ ಇನ್ನೂ ಮರೆತಿರಲಿಲ್ಲ.

ಸಂಜೆ ಸೇತುವೆ ದಾಟಿ ಅಗೆಯುವ ಯಂತ್ರ ಬಂತು,
ವೀನ್‌ಸ್ಟ್ರಾ ತಾನೇ ಓಡಿಸಿಕೊಂಡು.
ಯಾರು ಹೇಳಿ ಕಳಿಸಿದರೋ. ನಾನಲ್ಲ.
ಅಪ್ಪ ತಲೆಯೆತ್ತಲಿಲ್ಲ.
"ಸ್ವಲ್ಪ ಎಡಕ್ಕೆ," ಎಂದ.

ಹಲಗೆ ಇನ್ನೂ ನಿಂತಿದೆ. ಗುದ್ದಲಿ ಮತ್ತೆ ಮೊಳೆಯಲ್ಲಿ.
ಉಲ್ಲಂಕಿಗಳು ನಿನ್ನೆ ನಸುಕಿಗೆ ಎದ್ದುಹೋದವು,
ಹೊಗೆಯ ಹಾಗೆ ಒಮ್ಮೆ ಮಗುಚಿ, ಬೆಳ್ಳಗಾಗಿ.
ಒಂಬತ್ತನೆಯ ಸೀಸೆ ಅರ್ಧಕ್ಕಿಳಿದಿದೆ, ಅರ್ಧಕ್ಕೆ ಮಾತ್ರ.
ಈ ದಂಡೆಯಲ್ಲಿ ಇನ್ನೂ ಹನ್ನೊಂದು ಮನೆ.
ಬಾಗಿಲು ತಟ್ಟುತ್ತಿದ್ದೇನೆ,
ಜೇಬಿನಲ್ಲಿ ಹಸಿರು.