ಏಳನೆಯ ದಳ

ಗಾಳಿ ಬೀಸುವ ದಿನ ಅರಗು ಹಚ್ಚಬಾರದು.
ಎಸ್ಸವೀರಾದಲ್ಲಿ ಗಾಳಿ ಬೀಸದ ದಿನವೇ ಇಲ್ಲ.
ಅದಕ್ಕೇ ಕೋಟೆಗೋಡೆಯ ಬುಡದ ಈ ಗೂಡಿನಲ್ಲಿ
ಬಾಗಿಲು ಹಾಕಿ, ಸಂದಿಗೆ ಒದ್ದೆ ಗೋಣಿ ತುರುಕಿ
ಕೂರುತ್ತೇವೆ, ಇದ್ದರ್ ಮೇಸ್ತ್ರಿ ಮತ್ತು ನಾನು.
ನಡುವೆ ಅರಾರ್ ಬೇರಿನ ಒಂದು ಪೆಟ್ಟಿಗೆ.

ಬೇರಿನ ಮೈತುಂಬ ಕಣ್ಣು.
ಅವುಗಳ ನಡುವೆ ನಿಂಬೆಮರ ಕೊರೆದು ಕೂರಿಸಿದ ಹೂ,
ಒಂದೊಂದಕ್ಕೂ ಎಂಟು ದಳ, ಉಗುರಿನಷ್ಟು.
ಉಪ್ಪುಕಾಗದ ಮುಟ್ಟಿಸುವ ಹಾಗಿಲ್ಲ:
ಕಪ್ಪು ಮರದ ಹುಡಿ ಬಿಳಿ ಮರದೊಳಕ್ಕೆ ಇಳಿದರೆ
ತೊಳೆದರೂ ಹೋಗದು, ಚಾಡಿಮಾತಿನ ಹಾಗೆ.
ಗಾಜಿನ ಚೂರಿನಲ್ಲಿ ಹೆರೆಯಬೇಕು, ಉಸಿರು ಬಿಗಿಹಿಡಿದು.

ಬಣ್ಣಕ್ಕೆ ಮೊದಲು ಮೇಸ್ತ್ರಿ
ಮೂರು ಕೂದಲಿನ ಕುಂಚದಿಂದ
ದಳದಳಕ್ಕೂ ತೆಳು ಅರಗು ಬಳಿಯುತ್ತಾನೆ.
ಅರಗು ಬೆಂಕಿಗೆ ಹೆದರೀತು, ಬಣ್ಣಕ್ಕಲ್ಲ.
ಆಮೇಲೆ ಅಕ್ರೋಟಿನ ಸಿಪ್ಪೆ ಕುದಿಸಿದ ಕಡುಕಂದು ನೀರಿಗೆ
ಬಟ್ಟೆ ಅದ್ದಿ ನಾನು ಒರೆಸುತ್ತೇನೆ.
ಮರ ಕುಡಿಯುತ್ತದೆ.
ಹೂ ಕುಡಿಯುವುದಿಲ್ಲ.

ಮಂಗಳವಾರ ಒಂದು ಹೂ ಕುಡಿಯಿತು.

ಮುಚ್ಚಳದ ಮೂಲೆ, ಕೀಲಿನ ಪಕ್ಕ, ಏಳನೆಯ ದಳ.
ಮೂವತ್ತು ವರ್ಷ ತಪ್ಪದ ಕುಂಚ
ಅದೊಂದನ್ನು ದಾಟಿ ಹೋಗಿತ್ತು.
ಮೇಸ್ತ್ರಿಯ ಎಡಗಣ್ಣಿನ ಪೊರೆಯನ್ನು
ನಾನು ಕಂಡಿದ್ದೆ. ಅವನು ಕಂಡಿರಲಿಲ್ಲ.

'ಹೇಗೆ ಬಂತು, ಯಮ್ನಾ?'
'ಇನ್ನೂ ಹಸಿ' ಅಂದೆ.

ರಾತ್ರಿ ಚಾಕುವಿನ ತುದಿ ಕಾಯಿಸಿ
ಅಂಟು ಕರಗಿಸಿ ಆ ದಳ ಎಬ್ಬಿಸಿದೆ.
ಕಿತ್ತ ಜಾಗ, ಹಲ್ಲು ಬಿದ್ದ ಮಗುವಿನ ಬಾಯಿ.
ಹಳೆಯ ನಿಂಬೆಹಲಗೆ ಮುಗಿದಿತ್ತು,
ಹೊಸದರಲ್ಲೇ ಕತ್ತರಿಸಿದೆ, ಮೂರು ಸಲ:
ಒಂದು ಸೀಳಿತು, ಒಂದು ಅಲುಗಾಡಿತು,
ಕೊನೆಯದು ಗೊಣಗುತ್ತಾ ಕೂತಿತು.
ಆಮೇಲೆ ಹತ್ತಿಯುಂಡೆ, ಅರಗು, ಒಂದು ಹನಿ ಎಣ್ಣೆ,
ಸುಳಿ ಸುಳಿಯಾಗಿ, ತೋಳು ಸೋಲುವ ತನಕ,
ಪೆಟ್ಟಿಗೆಯೊಳಗೆ ದೀಪ ಕಾಣುವ ತನಕ.

ಬೆಳಿಗ್ಗೆ ಅವನು ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸಿದ.
ಮೂಲೆಗೆ ಬಂದು ಬೆರಳು ನಿಂತಿತು.
'ಈ ದಳ ಯಾರದು?'
ಹೊರಗೆ ಕಡಲಹಕ್ಕಿಗಳು ಮೀನಿಗೆ ಜಗಳವಾಡುತ್ತಿದ್ದವು.
ಅದನ್ನೇ ಕೇಳುವವಳ ಹಾಗೆ ಕೂತೆ.

ಬೈಯಲಿಲ್ಲ. ಚಹಾಕ್ಕೆ ಪುದೀನ ತರುತ್ತೇನೆಂದು
ಗೋಣಿ ಸರಿಸಿ ಎದ್ದು ಹೋದ,
ಬಾಗಿಲು ತೆರೆದಿಟ್ಟು, ಅಂಥ ಗಾಳಿಯಲ್ಲಿ.
ಮೂರು ಕೂದಲಿನ ಕುಂಚ
ಹಲಗೆಯ ನನ್ನ ಕಡೆ ಇತ್ತು.

ಹೊಸ ದಳ ತೀರ ಬಿಳಿ.
ಉಳಿದವುಗಳ ಹಳದಿಗೆ ಬರಲು
ಎರಡು ಬೇಸಿಗೆಯಾದರೂ ಬೇಕು.
ಅರಗು ಇನ್ನೂ ಬೆರಳಿಗೆ ಅಂಟುತ್ತಿತ್ತು.
ಎದ್ದು ಬಾಗಿಲು ಹಾಕಿದೆ.