ರಿಪೇರಿ ಪುಸ್ತಕದಲ್ಲಿ ಒಂದು ಸಾಲು

ಕೈಲ್ ಪೊಳ್ದ್‌ಗೆ ಇನ್ನು ಆರು ದಿನವಿತ್ತು.
ಬೆಂಚಿನ ಮೇಲೆ ಹದಿನೇಳು ಕೋವಿ,
ಒಂದೊಂದರ ಕುದುರೆಗೂ ದಾರ ಕಟ್ಟಿದ ಹೆಸರಿನ ಚೀಟಿ.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ನನ್ನದು ಒಂದೇ ಕಿಟಕಿಯ ಅಂಗಡಿ,
ಆ ಕಿಟಕಿಯೂ ನಳಿಗೆ ಎತ್ತಿಹಿಡಿದು
ಒಂದು ಕಣ್ಣು ಮುಚ್ಚುವುದಕ್ಕೆ.

ತಂಗಿಯ ಮಗಳು ಬೊಳ್ಳಮ್ಮ ಸ್ಟೂಲೆಳೆದು ಕೂತಳು.
ಯಾವುದೋ ಲ್ಯಾಬು, ಹೆಸರು ನನ್ನ ನಾಲಗೆಗೆ ಹತ್ತದು.
‘ನಾವು ಬೆಳಕನ್ನು ತಿರುಚುತ್ತೇವೆ ಮಾವ’ ಎಂದಳು
ಹಗ್ಗ ಹೊಸೆಯುವವಳ ಹಾಗೆ ಅಂಗೈ ಉಜ್ಜಿ.

ಪಾಯಿಂಟ್ ಟ್ವೆಂಟಿಟೂ ಕೈಗೆ ಕೊಟ್ಟೆ. ನೋಡು:
ಒಳಗೆ ಆರು ಗೀರು, ಬಲಕ್ಕೆ ಹೊರಳುತ್ತ ಹೊರಳುತ್ತ
ಆಚೆ ತುದಿಯ ಬೆಳಕಿನ ಕಾಸಿನವರೆಗೆ.
ಇದು ಸವೆದರೆ ಗುಂಡು ಕುಡಿದವನಂತೆ ಹೋಗುತ್ತದೆ.
ನಿನ್ನ ಬೆಳಕಿಗೆ ಗೀರು ಕೊರೆದ ನಳಿಗೆ ಎಲ್ಲಿ?

ನಳಿಗೆಯೇ ಇಲ್ಲವಂತೆ.
ಈ ಕಡೆಯಿಂದ ಎಲೆಕ್ಟ್ರಾನು,
ಓಟದಲ್ಲಿ ಬೆಳಕಿಗಿಂತ ಕೂದಲೆಳೆಯಷ್ಟು ಹಿಂದೆ;
ಎದುರಿಂದ ಲೇಸರು.
ಗೋಣಿಕೊಪ್ಪದ ಬಸ್ಸಿನ ಮೂತಿಗೆ ಹುಡುಗರೆಸೆದ ಚೆಂಡು
ಎಸೆದ ಕೈಗಿಂತ ಜೋರಾಗಿ ವಾಪಸ್ ಬರುತ್ತದಲ್ಲ, ಹಾಗೆ
ಕೆಂಪಗೆ ಹೋದದ್ದು ಕಣ್ಣಿಗೆ ಕಾಣದಷ್ಟು ಉಗ್ರವಾಗಿ
ಮರಳುತ್ತದೆ, ಅಂಗೈ ದಾಟಿ, ಈ ಬೆಂಚನ್ನೂ ದಾಟಿ.

ಮತ್ತೆ ತಿರುಚು?
ಲೇಸರು ಬಲವಾಗಿದ್ದು ಸುತ್ತುತ್ತ ಬಂದರೆ
ಎಲೆಕ್ಟ್ರಾನು ಓಡುತ್ತಲೇ ಸುತ್ತು ಹೊಡೆಯುತ್ತದೆ,
ಬೊಳಕಾಟದಲ್ಲಿ ಚವರಿ ಹಿಡಿದವರ ಹಾಗೆ,
ಆದರೆ ನಡುವೆ ದೀಪವಿಲ್ಲದೆ.
ಅದು ಹೊಮ್ಮಿಸುವ ಮೊದಲ ಸ್ವರ ನೇರ.
ಎರಡನೆಯದಕ್ಕೆ ಸುರುಳಿ.
ಸುರುಳಿಗೆ ನಡುವಿಲ್ಲ. ಪರದೆಗೆ ಬಿದ್ದರೆ ಬಳೆ,
ಬಳೆಯೊಳಗೆ ಕತ್ತಲು.

ನನಗೆ ನಗು ಬಂತು.
ನಲವತ್ತು ವರ್ಷ ನಾನು ಕಂಡದ್ದು
ನಡುವೆ ಬೆಳಕು, ಸುತ್ತ ಕತ್ತಲ ತಿರುವು.
ಇವಳು ಅದನ್ನೇ ಕಾಲುಚೀಲದಂತೆ
ಒಳಗು ಹೊರಗು ಮಾಡಿ ಹಿಡಿದಿದ್ದಾಳೆ.

‘ಹಿಡಿದಿಲ್ಲ ಮಾವ.’
ಎರಡು ವರ್ಷ. ಎರಡು ಕೂದಲೆಳೆ ಎದುರೆದುರು ಹಾರಿ
ತುದಿಗೆ ತುದಿ ತಾಗಬೇಕು.
ಒಮ್ಮೊಮ್ಮೆ ತಾಗುತ್ತವೆ.
ಆಗಲೂ ಬೀಳುವುದು ಬೊಟ್ಟು, ತುಂಬಿದ ಬೊಟ್ಟು,
ಇವಳಿಗೆ ಬೇಡವಾದ ಮೊದಲ ಸ್ವರ.

ಏನು ಹೇಳಲಿ. ಎಣ್ಣೆಬಟ್ಟೆ ಕೊಟ್ಟೆ.
ಕತ್ತಲಾಗುವವರೆಗೂ ಒರೆಸಿದಳು,
ಒರೆಸಿದ್ದನ್ನೇ ಒರೆಸಿದಳು.

ಹಬ್ಬದ ದಿನ ನಳಿಗೆಗಳಿಗೆ ತೋಕ್ ಪೂ ಸಿಕ್ಕಿಸಿದೆವು,
ಬೇಲಿಯ ಹೂವು,
ಎಸಳೆಲ್ಲ ಹಿಂದಕ್ಕೆ ಮುರುಟಿದ ಬೆಂಕಿ.
ಅವಳು ಒಂದನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು.
ಆಮೇಲೆ ತೆಂಗಿನಕಾಯಿಗೆ ಮೂರು ಹೊಡೆದಳು, ಮೂರೂ ತಪ್ಪಿದವು.
ಕೋವಿ ನನ್ನ ರಿಪೇರಿಯದ್ದು,
ಹಾಗಾಗಿ ನಾನು ಗಾಳಿಯನ್ನು ಬೈದೆ.

ಹೋಗಿ ವಾರವಾಯಿತು. ಇವತ್ತು ಪುಸ್ತಕ ತೆರೆದೆ.
ಹದಿನೇಳು ಹೆಸರು ನನ್ನ ಅಕ್ಷರದಲ್ಲಿ.
ಹದಿನೆಂಟನೆಯದು ಪೆನ್ಸಿಲ್ಲಿನಲ್ಲಿ:
ಲೈಸೆನ್ಸ್ ನಂಬರು, ಗೀಟು.
ಕೋವಿಯ ಬಗೆ, ಗೀಟು.
ದೋಷ: ನಡುವೆ ಬೆಳಕಿದೆ. ಇರಬಾರದು.

ಕೊಟ್ಟ ತಾರೀಕು ಬರೆದಿದ್ದಾಳೆ.
ವಾಪಸಿನ ಖಾನೆ ಖಾಲಿ,
ಅದನ್ನು ತುಂಬುವವನು ಯಾವತ್ತೂ ನಾನೇ.