ಎದೆಯಳತೆ

ಹದಿನಾರು ವರ್ಷ ಕಂಕನಾಡಿಯ ಮಹಡಿ ಅಂಗಡಿಯಲ್ಲಿ
ಹೆಂಗಸರ ಎದೆಗೆ ಟೇಪು ಹಿಡಿದವಳು ನಾನು.
ಮೂವತ್ತನಾಲ್ಕು. ಮೂವತ್ತಾರೂವರೆ.
ತುಸು ಸಡಿಲ ಇರಲಿ ಮಾರಾಯ್ತಿ, ಉಸಿರಾಡಬೇಕಲ್ಲ.
ಎದೆಯಳತೆ ಎಂದರೆ ಹೊರಗಿನದೇ ಅಂದುಕೊಂಡಿದ್ದೆ.

ಒಳಗಿನದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.
ನನ್ನ ತಮ್ಮ ರಿತೇಶನದು ಇಪ್ಪತ್ತೆಂಟು.
ಅಳೆದದ್ದು ಅವನು ಹೋದ ಮೇಲೆ.

ಹಳೆಯಂಗಡಿ, ವಾಲಿಬಾಲು, ಹೊನಲು ಬೆಳಕು.
ನೆಟ್ಟಿನ ಮೇಲೆ ಹಾರಿ ಹೊಡೆದ.
ಚೆಂಡು ಆಚೆ ಬಿತ್ತು, ಇವನು ಈಚೆ.
ಪಾಯಿಂಟು ನಮ್ಮದೆಂದು ಶಿಳ್ಳೆ ಹಾಕುತ್ತಲೇ ಇದ್ದರು.
ಇಪ್ಪತ್ತನಾಲ್ಕು ವಯಸ್ಸು, ಒಂದು ಬೀಡಿ ಸೇದಿದವನಲ್ಲ.
ಯಾರದೋ ಕಣ್ಣು, ಎಂದಿತು ಕೇರಿ.
ಹೃದಯದ ಗೋಡೆ ದಪ್ಪ, ಎಂದರು ಡಾಕ್ಟರು,
ಮನೆಯವರೆಲ್ಲ ಬನ್ನಿ, ಒಬ್ಬೊಬ್ಬರನ್ನೂ ನೋಡಬೇಕು.
ಹೃದಯ ದೊಡ್ಡದಿದ್ದರೆ ಒಳ್ಳೆಯದಲ್ವಾ, ಅಮ್ಮ ಕೇಳಿದಳು.
ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು,
ಹಾಕಿದರು, ಮತ್ತೆ ತೆಗೆದರು.

ಎಕೋ ಕೋಣೆಯ ಹೊರಗೆ ಬೆಂಚು. ನನ್ನ ಟೋಕನ್ ಹದಿನೇಳು.
ಪಕ್ಕದಲ್ಲಿ ಉಳ್ಳಾಲದ ಝುಲೈಖಾ, ಬಾಣಂತಿ,
ಪಾದ ಊದಿ ಚಪ್ಪಲಿ ಕೈಯಲ್ಲಿ.
ಮಲಗಿದರೆ ನೀರಲ್ಲಿ ಮುಳುಗಿದ ಹಾಗೆ ಅಂತೆ,
ಮೂರು ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತಾಳೆ.
ಹೆತ್ತ ಮೇಲೆ ಊತ ಇದ್ದದ್ದೇ ಎಂದು ಎಲ್ಲರೂ ಬಿಸಿನೀರು ಹೊಯ್ದರು.
ಅವಳದು ಹಿಗ್ಗಿ ಸೋತ ಹೃದಯ.
ಇಲಾಸ್ಟಿಕ್ ಸತ್ತ ಲಂಗ ಎಂದು ನನಗೆ ನಾನೇ ಹೇಳಿಕೊಂಡೆ.
ಇನ್ನೂ ಬಿಗಿಯಬಹುದು, ಮಾತ್ರೆ ಉಂಟು, ಎಂದಳು ಅವಳೇ.

ಬೆಂಚಿನ ತುದಿಗೆ ಬೇಕರಿಯ ಗ್ರೆಗರಿಯವರು.
ಅವರದು ಹಿಗ್ಗಿಲ್ಲ, ಕುಗ್ಗಿಲ್ಲ, ಸೆಡೆತಿದೆ:
ಕಾಲರಿಗೆ ಹಾಕುವ ಬಕ್ರಂ.
ರಕ್ತ ಬಂದು ಬಾಗಿಲಲ್ಲಿ ನಿಂತರೂ ಒಳಗೆ ಜಾಗ ಬಿಡುವುದಿಲ್ಲ.
ಕಾರಣ ತಿಳಿದಿಲ್ಲ ಎಂದು ಚೀಟಿಯಲ್ಲಿ ಬರೆದದ್ದನ್ನು
ಅವರು ನನಗೆ ನಾಲ್ಕು ಸಲ ಓದಿ ಹೇಳಿದರು.

ನಮ್ಮ ಕಾರಣ ನಮಗೆ ತಿಳಿದಿದೆ, ಈಗ.
ದೂಮಪ್ಪ ಮಾವ ಗುರುಪುರ ಹೊಳೆಯಲ್ಲಿ ಮುಳುಗಿ
ಮರಳು ಎತ್ತುವವರು, ಮೀನಿನ ಹಾಗೆ ಈಜುವವರು.
ಒಂದು ಬೆಳಿಗ್ಗೆ ಮೇಲೆ ಬರಲಿಲ್ಲ.
ನೀರಿನ ಸೆಳೆತ ಎಂದು ಕೋಳಿ ಕೊಟ್ಟೆವು.
ಅಜ್ಜಿಯ ತಂಗಿ ಬಾವಿಕಟ್ಟೆಯಲ್ಲಿ, ಕೊಡ ಇನ್ನೂ ಕೈಯಲ್ಲಿ.
ಅಮ್ಮ, ನನ್ನ ಅಂಗಡಿಗೆ ಬರುವಾಗೆಲ್ಲ,
ಏಳನೇ ಮೆಟ್ಟಿಲಲ್ಲಿ ಕೂತು ಸೆರಗು ಸರಿಮಾಡುತ್ತಾಳೆ.
ಹದಿನಾರು ವರ್ಷದಿಂದ ಅದೇ ಮೆಟ್ಟಿಲು, ಅದೇ ಸೆರಗು.

ಅಳಿಯಕಟ್ಟಿನವರು ನಾವು, ಮಾವನದು ಅಳಿಯನಿಗೆ.
ಕೊಡಲು ಮಾವನಿಗೆ ಗದ್ದೆ ಇರಲಿಲ್ಲ.
ಹೆಂಗಸರ ಹೊಟ್ಟೆಯಿಂದ ಇಳಿದದ್ದು ಇದೊಂದೇ,
ಪಾಲುಪಟ್ಟಿ ಇಲ್ಲದೆ, ಸಾಕ್ಷಿ ಇಲ್ಲದೆ.
ಮಕ್ಕಳಲ್ಲಿ ಇಬ್ಬರಿಗೊಬ್ಬರಂತೆ ಎಂದು ಡಾಕ್ಟರ ಲೆಕ್ಕ.
ಲೆಕ್ಕ ಅಷ್ಟೇ, ತಪ್ಪಲೂಬಹುದು.

ಎಡಕ್ಕೆ ಮಗ್ಗುಲಾಗಿ. ಉಸಿರು ಹಿಡಿಯಿರಿ.
ಪಕ್ಕೆಲುಬಿನ ನಡುವೆ ತಣ್ಣನೆಯ ಜೆಲ್ಲು.
ಪರದೆಯ ಕಪ್ಪು ನೀರಿನಲ್ಲಿ
ಬಂಗುಡೆಯೊಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ.
ಹದಿನೇಳು, ಎಂದಳು ಹುಡುಗಿ.
ಟೋಕನ್ನಾ, ಕೇಳಿದೆ.
ಅಲ್ಲ, ಎಂದಳು.

ಓಡಬೇಡಿ. ಭಾರ ಎತ್ತಬೇಡಿ.
ಎದೆ ಹೊಡೆದುಕೊಂಡರೆ, ಕಣ್ಣು ಕತ್ತಲೆ ಬಂದರೆ ತಡಮಾಡದೆ ಬನ್ನಿ.
ಮಕ್ಕಳೆಷ್ಟು?
ಒಬ್ಬಳು.

ಶನಿವಾರ ಮಂಗಳಾ ಸ್ಟೇಡಿಯಮ್ಮಿನಲ್ಲಿ ಧೃತಿಯ ಓಟ.
ಬನಿಯನಿಗೆ ನಂಬರು ಹೊಲಿದಿಡು ಎಂದಿದ್ದಾಳೆ.
ಮೂರು ಬದಿ ಹೊಲಿದಿದ್ದೇನೆ,
ನಾಲ್ಕನೆಯದಕ್ಕೆ ಗುಂಡುಸೂಜಿ.
ಅವಳ ಟೋಕನ್ ನಾಳೆಗೆ.

ಈಗ ಶಾಲೆ ಬಿಟ್ಟ ಹೊತ್ತು.
ಕೆಳಗೆ ಬ್ಯಾಗು ಗೋಡೆಗೆ ಉಜ್ಜುವ ಸದ್ದು.
ಎರಡೆರಡು ಮೆಟ್ಟಿಲು ಹಾರಿ ಬರುತ್ತಾಳೆ, ಯಾವಾಗಲೂ.
ಪೆಡಲಿನಿಂದ ಕಾಲು ತೆಗೆದು ಕೇಳುತ್ತೇನೆ:
ಎರಡು, ನಾಲ್ಕು, ಆರು.